ಹೆಸರಿನ ಫಲಕ ಕೊರೆಯಲು ಸ್ಕ್ರೋಲ್ ಸಾ: ಮೊದಲು ಬ್ಲೇಡಿನ ಹಿಡಿತ ನೋಡಿ

ಹದಿನೈದು ಸಾವಿರ ರೂಪಾಯಿಯೊಳಗೆ ಸ್ಕ್ರೋಲ್ ಸಾ (ಸಣ್ಣ ಬ್ಲೇಡ್ ಮೇಲೆ ಕೆಳಗೆ ಆಡುತ್ತ ಮರದಲ್ಲಿ ತಿರುವುಗಳನ್ನು ಕೊರೆಯುವ ಗರಗಸದ ಯಂತ್ರ) ಬೇಕು, ಅದರಲ್ಲಿ ಮನೆಬಾಗಿಲಿನ ಕನ್ನಡ ಹೆಸರಿನ ಫಲಕಗಳನ್ನು ಕೊರೆಯಬೇಕು ಎಂದು ಕೇಳಿದ್ದೀರಿ. ಪ್ರಶ್ನೆಯ ಜೊತೆಗೆ ನೀವು ಹಾಕಿರುವ ಚಿತ್ರದಲ್ಲಿರುವುದು ಪಿನ್ ಬ್ಲೇಡ್ (ಎರಡೂ ತುದಿಯಲ್ಲಿ ಅಡ್ಡಕಡ್ಡಿ ಇರುವ ಬ್ಲೇಡ್) ಮಾತ್ರ ಹಿಡಿಯುವ 16 ಇಂಚಿನ ಯಂತ್ರ. ಹಣ ಕಟ್ಟಿಲ್ಲವಾದರೆ ದಯವಿಟ್ಟು ಅದನ್ನು ಕೈಬಿಡಿ. ನನ್ನ ಮೊದಲ ಯಂತ್ರವೂ ಅಂಥದ್ದೇ ಆಗಿತ್ತು, ಆದ್ದರಿಂದಲೇ ಇಷ್ಟು ಖಚಿತವಾಗಿ ಹೇಳುತ್ತಿದ್ದೇನೆ. ನಿಮ್ಮ ಪ್ರಶ್ನೆಯ ಕೆಳಗೆ ಹಲವರು ವ್ಯಾಟ್ ಎಷ್ಟು, ಗ್ಯಾರಂಟಿ ಎಷ್ಟು ವರ್ಷ ಎಂದು ಚರ್ಚಿಸಿದ್ದಾರೆಯೇ ಹೊರತು, ಬ್ಲೇಡನ್ನು ಯಂತ್ರ ಹೇಗೆ ಹಿಡಿಯುತ್ತದೆ ಎಂದು ಒಬ್ಬರೂ ಕೇಳಿಲ್ಲ.

ಕನ್ನಡದ ಅಕ್ಷರಗಳನ್ನು ಒಮ್ಮೆ ಕೊರೆಯುವವರ ಕಣ್ಣಿನಿಂದ ನೋಡಿ. 'ರ' ಬರೆದರೆ ಒಳಗೊಂದು ಮುಚ್ಚಿದ ಬಯಲು ಉಳಿಯುತ್ತದೆ, 'ಠ' ಬರೆದರೆ ಆ ಬಯಲಿನೊಳಗೆ ಮತ್ತೊಂದು ಚುಕ್ಕೆ ಇರುತ್ತದೆ. ಇಂಥ ಪ್ರತಿಯೊಂದು ಒಳಗಿಂಡಿಗೂ ಮೊದಲು ಡ್ರಿಲ್ಲಿನಲ್ಲಿ ತೂತು ಹಾಕಿ, ಬ್ಲೇಡಿನ ಒಂದು ತುದಿಯನ್ನು ಬಿಚ್ಚಿ, ತೂತಿನೊಳಗೆ ತೂರಿಸಿ, ಮತ್ತೆ ಬಿಗಿದು ಕೊರೆಯಬೇಕು. ಪಿನ್ ಬ್ಲೇಡಿನ ತುದಿಯಲ್ಲಿರುವ ಅಡ್ಡಕಡ್ಡಿ ತೂರಬೇಕಾದರೆ ತೂತು 4–5 ಮಿ.ಮೀ. ಇರಲೇಬೇಕು. ಎರಡಂಗುಲ ಎತ್ತರದ ಅಕ್ಷರದಲ್ಲಿ ಅಷ್ಟು ದೊಡ್ಡ ತೂತು ಬಿದ್ದರೆ ಒತ್ತಕ್ಷರದ ಸಣ್ಣ ಸುರುಳಿಗೆ ಜಾಗವೇ ಉಳಿಯುವುದಿಲ್ಲ. ಪಿನ್ ಇಲ್ಲದ 3ನೇ ನಂಬರ್ ಬ್ಲೇಡಿಗೆ 1.2 ಮಿ.ಮೀ. ತೂತು ಸಾಕು, ಇನ್ನೂ ತೆಳುವಾದ 2/0 ನಂಬರ್ ಬ್ಲೇಡಿಗೆ ಅದಕ್ಕಿಂತಲೂ ಸಣ್ಣ ತೂತು ಸಾಕು. ಪಿನ್ ಬ್ಲೇಡ್ ಅಗಲವೂ ಹೆಚ್ಚಾಗಿರುವುದರಿಂದ ಬಿಗಿಯಾದ ತಿರುವಿನಲ್ಲಿ ಮರವನ್ನು ಸುಡುತ್ತದೆ, ಇಲ್ಲವೇ ಗೆರೆ ಬಿಟ್ಟು ಆಚೆ ಹೋಗುತ್ತದೆ.

'ಎರಡೂ ಬಗೆಯ ಬ್ಲೇಡ್ ಹಾಕಬಹುದು' ಎಂದು ಬರೆದಿರುವ ಯಂತ್ರಗಳಲ್ಲೂ ಎಚ್ಚರ ಬೇಕು. ಅಗ್ಗದ ಅನೇಕ ಮಾದರಿಗಳಲ್ಲಿ ಪಿನ್ ಇಲ್ಲದ ಬ್ಲೇಡಿಗೆಂದು ಚಿಕ್ಕದೊಂದು ಅಡಾಪ್ಟರ್ ಕೊಟ್ಟಿರುತ್ತಾರೆ, ಅದನ್ನು ಅಲೆನ್ ಕೀ ಹಾಕಿ ಬಿಗಿಯಬೇಕು. ಫಲಕವೊಂದರಲ್ಲಿ ಇಪ್ಪತ್ತು ಒಳಗಿಂಡಿಗಳಿದ್ದರೆ ಇಪ್ಪತ್ತು ಸಲ ಬಿಚ್ಚಿ ಇಪ್ಪತ್ತು ಸಲ ಬಿಗಿಯಬೇಕಾಗುತ್ತದೆ. ಆದ್ದರಿಂದ ಮೇಲಿನ ಹಿಡಿತವನ್ನಾದರೂ ಕೈಯಲ್ಲೇ ತಿರುಗಿಸುವ ತಿರುಪಿನಿಂದ ಬಿಗಿಯುವಂತಿರಬೇಕು. ನನ್ನ ಮಟ್ಟಿಗೆ ಯಂತ್ರದ ಅರ್ಧ ಬೆಲೆ ಇರುವುದು ಇಲ್ಲಿಯೇ. ಬ್ಲೇಡ್ ಜಾರುತ್ತದೆ ಎಂದು ಯಂತ್ರವನ್ನು ದೂರುವವರು ಇನ್ನೊಂದನ್ನು ಗಮನಿಸಿ: ಹೊಸ ಬ್ಲೇಡುಗಳ ಮೇಲೆ ತುಕ್ಕು ತಡೆಯುವ ಎಣ್ಣೆಯ ಪೊರೆ ಇರುತ್ತದೆ. ಎರಡೂ ತುದಿಗಳನ್ನು ಉಪ್ಪುಕಾಗದದಿಂದ ಒಮ್ಮೆ ಉಜ್ಜಿ ಹಾಕಿದರೆ ಹೆಚ್ಚಿನ ಜಾರಾಟ ಅಲ್ಲಿಗೇ ನಿಲ್ಲುತ್ತದೆ.

ಅಂಗಡಿಗೆ ಹೋಗಿ ನೋಡಿ ಕೊಳ್ಳುವ ಅವಕಾಶವಿದ್ದರೆ ಒಂದೂವರೆ ಅಂಗುಲ ದಪ್ಪದ, ಮುಖ ಮಟ್ಟಸವಾದ ಮರದ ತುಂಡೊಂದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ. ಟೇಬಲ್ಲನ್ನು ಸೊನ್ನೆ ಡಿಗ್ರಿಗೆ ನಿಲ್ಲಿಸಿ, ತುಂಡಿನ ಮುಖಕ್ಕೆ ಬ್ಲೇಡಿನಿಂದ ಸ್ವಲ್ಪವೇ ಸೀಳು ಹಾಕಿ, ಯಂತ್ರ ನಿಲ್ಲಿಸಿ. ಈಗ ತುಂಡನ್ನು ಬ್ಲೇಡಿನ ಹಿಂಬದಿಗೆ ಒಯ್ದು, ಅದೇ ಸೀಳಿಗೆ ಬ್ಲೇಡಿನ ಬೆನ್ನು ಮೇಲಿನಿಂದ ಕೆಳಗಿನವರೆಗೂ ನೇರವಾಗಿ ಕೂರುತ್ತದೆಯೇ ನೋಡಿ. ಕೂರದಿದ್ದರೆ ಟೇಬಲ್ ವಾಲಿದೆ ಎಂದರ್ಥ, ಮತ್ತು ಕಾಣುವ ಅಂತರ ನಿಜವಾದ ವಾಲಿಕೆಯ ಎರಡರಷ್ಟಿರುತ್ತದೆ. ಟೇಬಲ್ಲಿಗೆ ಅಂಟಿಸಿರುವ ಡಿಗ್ರಿ ಪಟ್ಟಿಯನ್ನು ನಾನು ಯಾವ ಯಂತ್ರದಲ್ಲೂ ನಂಬುವುದಿಲ್ಲ, ಮೂಲೆಮಟ್ಟ ಹಿಡಿಯುವುದಕ್ಕಿಂತಲೂ ಈ ಪರೀಕ್ಷೆ ಚೆನ್ನಾಗಿ ಹೇಳುತ್ತದೆ. ವಾಲಿದ್ದನ್ನು ತಿರುಪು ಸಡಿಲಿಸಿ ಸರಿಪಡಿಸಬಹುದು. ಆದರೆ ಸರಿಪಡಿಸಿದ ಟೇಬಲ್ ಹತ್ತು ನಿಮಿಷ ಓಡಿಸಿದ ಮೇಲೆ ಮತ್ತೆ ಕದಲಿದರೆ, ಅಥವಾ ಬ್ಲೇಡಿಲ್ಲದಾಗ ಮೇಲಿನ ತೋಳನ್ನು ಅಡ್ಡಡ್ಡ ಅಲ್ಲಾಡಿಸಿದಾಗ ಸಡಿಲವಿದ್ದರೆ, ಎಷ್ಟೇ ರಿಯಾಯಿತಿ ಕೊಟ್ಟರೂ ಆ ಯಂತ್ರ ಬೇಡ.

ವ್ಯಾಟಿನ ಚರ್ಚೆಯನ್ನು ದಯವಿಟ್ಟು ನಿಲ್ಲಿಸಿ. ನೀವು ಕೊರೆಯುವ 6ರಿಂದ 18 ಮಿ.ಮೀ. ದಪ್ಪಕ್ಕೆ 90 ವ್ಯಾಟ್ ಆದರೂ ನಡೆಯುತ್ತದೆ, 120 ವ್ಯಾಟ್ ಧಾರಾಳವಾಯಿತು. ಬೇಕಾದದ್ದು ವೇಗ ಹೊಂದಿಸುವ ಗುಂಡಿ. ನಿಮಿಷಕ್ಕೆ 400ರಿಂದ 1600 ಹೊಡೆತದವರೆಗೆ ಬದಲಾಯಿಸುವಂತಿದ್ದರೆ ತೆಳು ಪ್ಲೈಯನ್ನೂ ಗಟ್ಟಿ ಹೊನ್ನೆಯನ್ನೂ ಒಂದೇ ಯಂತ್ರದಲ್ಲಿ ಸುಡದಂತೆ ಕೊರೆಯಬಹುದು. 16 ಇಂಚು ಎಂದರೆ ಬ್ಲೇಡಿನಿಂದ ಹಿಂದಿನ ಕಂಬದವರೆಗಿನ ಅಂತರ. ಹೆಸರಿನ ಫಲಕಕ್ಕೆ ಅಷ್ಟು ಸಾಕು, 21 ಇಂಚಿಗೆಂದು ಸಾಲ ಮಾಡಬೇಡಿ.

ಬ್ರ್ಯಾಂಡ್ ಬಗ್ಗೆ ಕೇಳಿದ್ದಕ್ಕೆ ಹೇಳುತ್ತೇನೆ. ಡಿವಾಲ್ಟ್ ಡಿಡಬ್ಲ್ಯೂ 788 ಉತ್ತಮ ಯಂತ್ರವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಅಮೆರಿಕದಲ್ಲಿ ಸಿಗುವುದು ಅಲ್ಲಿನ 120 ವೋಲ್ಟಿಗೆ ಮಾಡಿದ್ದು, ತೂಕ ಸುಮಾರು 25 ಕಿಲೋ. ಅಲ್ಲಿಂದ ಬಂಧುಗಳ ಕೈಯಲ್ಲಿ ತರಿಸುತ್ತೇನೆ ಎಂದು ಒಬ್ಬರು ಬರೆದಿದ್ದಾರೆ. ನಮ್ಮ 230 ವೋಲ್ಟಿಗೆ ಅದನ್ನು ನೇರವಾಗಿ ಹಾಕಿದರೆ ಸುಟ್ಟುಹೋಗುತ್ತದೆ, ಟ್ರಾನ್ಸ್‌ಫಾರ್ಮರ್ ಬೇಕೇಬೇಕು, ಬಿಡಿಭಾಗಗಳಿಗೂ ಮತ್ತೆ ಅಲ್ಲಿಂದಲೇ ಕಾಯಬೇಕು. ಪ್ರಾಕ್ಸನ್ ಡಿಎಸ್ 460 ಅಚ್ಚುಕಟ್ಟಾದ ಯಂತ್ರ, ಆದರೆ ನಿಮ್ಮ ಬಜೆಟ್ಟಿನಿಂದ ಬಹಳ ದೂರ. ಅಗ್ಗದ 16 ಇಂಚಿನವುಗಳಲ್ಲಿ ಅನೇಕವು ಬಣ್ಣ ಮತ್ತು ಸ್ಟಿಕ್ಕರ್ ಬಿಟ್ಟರೆ ಹೆಚ್ಚುಕಡಿಮೆ ಒಂದೇ ಅಚ್ಚಿನವು, ಆದ್ದರಿಂದ ಹೆಸರಿಗಿಂತ ಮೇಲಿನ ಎರಡು ಪರೀಕ್ಷೆಗಳೇ ಮುಖ್ಯ. ಯಂತ್ರದಲ್ಲಿ ಉಳಿಸಿದ ಹಣವನ್ನು ಬ್ಲೇಡಿಗೆ ಹಾಕಿ. ಪೆಗಾಸ್ ಅಥವಾ ಓಲ್ಸನ್ ಬ್ಲೇಡುಗಳನ್ನು ಡಜನ್ ಲೆಕ್ಕದಲ್ಲಿ ತರಿಸಿಕೊಳ್ಳಿ, 2/0, 3, 5 ಈ ಮೂರು ನಂಬರ್ ಸಾಕು. ಒಂದು ತುದಿಯ ಕೆಲವು ಹಲ್ಲುಗಳು ಉಲ್ಟಾ ತಿರುಗಿರುವ ರಿವರ್ಸ್ ಟೂತ್ ಬ್ಲೇಡಾದರೆ ಅಡಿಮುಖದ ಸಿಬಿರು ಕಡಿಮೆಯಾಗುತ್ತದೆ, ಆದರೆ ಮೇಲ್ಮುಖವಾದ ಹಲ್ಲುಗಳು ಕೆಳತುದಿಗೇ ಬರುವಂತೆ ಹಾಕಬೇಕು.

ಕೈಯಲ್ಲಿ ಹಿಡಿದು ಕೊರೆಯುವ ಜಿಗ್ ಸಾ ಯಂತ್ರವನ್ನೇ ಮೇಜಿನಡಿ ತಲೆಕೆಳಗಾಗಿ ಕಟ್ಟಿಕೊಳ್ಳಿ ಎಂದು ಸಲಹೆ ಕೊಟ್ಟವರಲ್ಲಿ ನನ್ನ ವಿನಂತಿ: ಹೊಸಬರಿಗೆ ಇಂಥದ್ದನ್ನು ಹೇಳಬೇಡಿ. ಅದರ ಬ್ಲೇಡ್ ಒಂದೇ ತುದಿಯಲ್ಲಿ ಹಿಡಿದಿರುತ್ತದೆ, ತಿರುವಿನಲ್ಲಿ ಬಾಗುತ್ತದೆ, ಬೆರಳಿಗೂ ಅಪಾಯ. ಹಣ ಕೂಡುವವರೆಗೆ ಕಾಯುವುದಾದರೆ ಬಿಲ್ಲಿನಂಥ ಚೌಕಟ್ಟಿಗೆ ತೆಳು ಬ್ಲೇಡ್ ಬಿಗಿದಿರುವ ಕೈ ಫ್ರೆಟ್ ಸಾ ತೆಗೆದುಕೊಳ್ಳಿ. ಮೇಜಿನ ಅಂಚಿಗೆ 'ವಿ' ಆಕಾರದ ಕಚ್ಚು ಕೊಟ್ಟ ಹಲಗೆಯನ್ನು ಬಿಗಿದು ಅದರ ಮೇಲೆ ಕೊರೆಯಬಹುದು. ಮೈಸೂರಿನ ಬೀಟೆಮರದ ಇನ್‌ಲೇ (ಮರದಲ್ಲಿ ತುಣುಕುಗಳನ್ನು ಕೂರಿಸುವ ಕುಸುರಿ) ಕೆಲಸದವರು ಸೂಕ್ಷ್ಮ ತುಣುಕುಗಳನ್ನು ಕೈಗರಗಸದಲ್ಲೇ ಕತ್ತರಿಸುತ್ತ ಬಂದವರು. ಅಲ್ಲಿ ಕಲಿತ ಕೈ ಯಂತ್ರಕ್ಕೂ ನೆರವಾಗುತ್ತದೆ.

ಯಂತ್ರ ಬಂದ ಮೇಲೆ ಅದನ್ನು ಭಾರವಾದ ಮೇಜಿಗೆ ಬೋಲ್ಟ್ ಹಾಕಿ ಕೂರಿಸಿ, ನಡುವೆ ರಬ್ಬರ್ ಹಾಳೆ ಇಡಿ. ಅಗ್ಗದ ಯಂತ್ರದ ನಡುಕದಲ್ಲಿ ದೊಡ್ಡ ಪಾಲು ಇಷ್ಟರಲ್ಲೇ ಇಳಿಯುತ್ತದೆ. ಬ್ಲೇಡನ್ನು ಬೆರಳಿನಿಂದ ಮೀಟಿದರೆ ತಂಬೂರಿಯ ತಂತಿಯಂತೆ ಸ್ಪಷ್ಟವಾದ ನಾದ ಬರಬೇಕು, ಮಂಕಾಗಿ ಕೇಳಿದರೆ ಇನ್ನೂ ಬಿಗಿಯಬೇಕು. ಹೆಚ್ಚಿನ ಬ್ಲೇಡುಗಳಿಗೆ ಒಂದು ಬದಿಗೆ ಎಳೆಯುವ ಸ್ವಭಾವವಿರುವುದರಿಂದ ಮರವನ್ನು ಸ್ವಲ್ಪ ಓರೆಯಾಗಿ ಹಿಡಿದು ತಳ್ಳುವುದನ್ನು ರೂಢಿಸಿಕೊಳ್ಳಿ. ಧೂಳೂದುವ ಕೊಳವೆ ದುರ್ಬಲವಾಗಿದ್ದರೆ ಮೀನಿನ ತೊಟ್ಟಿಯ ಗಾಳಿ ಪಂಪನ್ನು ಅದಕ್ಕೆ ಜೋಡಿಸಿ. ತೇಗ ಬ್ಲೇಡನ್ನು ಬೇಗ ಮೊಂಡು ಮಾಡುತ್ತದೆ, ಬೀಟೆಯ ಧೂಳು ಕೆಲವರಿಗೆ ಚರ್ಮದ ತುರಿಕೆ ತರುತ್ತದೆ, ಮರದ ನಾರನ್ನು ಒತ್ತಿ ಮಾಡಿದ ಎಂಡಿಎಫ್ ಹಲಗೆ ಕೊರೆಯುವಾಗಲಂತೂ ಎನ್95 ಮಾಸ್ಕ್ ಇಲ್ಲದೆ ಕೂರಬೇಡಿ. ಕೊನೆಯದಾಗಿ, 'ಠ'ದ ಚುಕ್ಕೆಗೂ ಅಕ್ಷರದಿಂದ ಬೇರ್ಪಟ್ಟು ನಿಲ್ಲುವ ಒತ್ತಿಗೂ ನಕ್ಷೆಯಲ್ಲೇ ಎರಡು ಮಿ.ಮೀ. ಅಗಲದ ಸೇತುವೆ ಬರೆದುಕೊಳ್ಳಿ, ಇಲ್ಲದಿದ್ದರೆ ಕೊರೆದು ಮುಗಿಸುವಷ್ಟರಲ್ಲಿ ಅವು ಕಳಚಿ ನೆಲಕ್ಕೆ ಬೀಳುತ್ತವೆ.