ನಲ್ಲಿ ನಿಲ್ಲಿಸೋದು ಕಲಿತಾಯ್ತು, ಹಂಚಿಕೊಳ್ಳೋದು ಯಾವಾಗ?

ಬೆಂಗಳೂರಿನ ಓದುಗರೊಬ್ಬರು ಬರೆದಿದ್ದಾರೆ: ‘ನಾಲ್ಕನೇ ಕ್ಲಾಸಿನ ನನ್ನ ಮಗಳು ಹಲ್ಲುಜ್ಜುವಾಗ ನಲ್ಲಿ ನಿಲ್ಲಿಸುತ್ತಾಳೆ. ಅಜ್ಜಿ ಜಾಸ್ತಿ ನೀರು ಬಿಟ್ಟರೆ ಗದರುತ್ತಾಳೆ. ಆದರೆ ಟ್ಯಾಂಕರ್ ಬಂದ ದಿನ ಪಕ್ಕದ ಮನೆಯವರು ಎರಡು ಬಿಂದಿಗೆ ಕೇಳಿದರೆ, ನಮ್ಮ ನೀರು ಯಾಕೆ ಕೊಡಬೇಕು ಅಂದಳು. ಇದನ್ನು ಯಾರು ಕಲಿಸಬೇಕು?’

ಇಂಥ ಪತ್ರಕ್ಕೇ ಕಾಯುತ್ತಿದ್ದೆ ತಾಯಿ. ನಲ್ಲಿ ನಿಲ್ಲಿಸುವ ಪಾಠ ಬೇಡ ಅನ್ನಲ್ಲ. 2024ರ ಬೇಸಿಗೆಯಲ್ಲಿ, ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿಯೇ ಹೇಳಬೇಕಾಗಿ ಬಂತಲ್ಲ. ಆದರೆ ಉಳಿಸೋದನ್ನಷ್ಟೇ ಕಲಿತ ಮಗು, ಉಳಿಸಿದ್ದೆಲ್ಲ ತನ್ನದು ಅಂದುಕೊಳ್ಳುತ್ತೆ. ಅವಳ ಮೇಲೆ ಬೇಜಾರು ಮಾಡ್ಕೋಬೇಡಿ. ನಾವು ಹೇಳಿಕೊಟ್ಟಿದ್ದೇ ಅಷ್ಟು.

ಅವಳಿಗೆ ನೀರುಗಂಟಿಯ ಕಥೆ ಹೇಳಿ. ಕೋಲಾರದ ಕಡೆ ಕೆರೆ ನೀರು ಹಂಚುವ ಕೆಲಸ ಅವರದು. ತೂಬು, ಅಂದರೆ ಕೆರೆ ನೀರು ಹೊರಬಿಡುವ ಕಿಂಡಿ, ಎತ್ತುವುದು, ಮುಚ್ಚುವುದು, ಕಾಲುವೆ ಉದ್ದಕ್ಕೂ ಸನಿಕೆ ಹಿಡಿದು ನಡೆಯುವುದು. ಕೂಲಿ ಸುಗ್ಗಿಯಲ್ಲಿ, ಕಾಳಿನ ರೂಪದಲ್ಲಿ. ಮುಳಬಾಗಿಲು ಹತ್ತಿರದ ಹಳ್ಳಿಯಲ್ಲಿ ಒಬ್ಬ ಹಿರಿಯರು ನನಗೆ ಹೇಳಿದ್ದರು: ‘ಕೊನೇ ಗದ್ದೆ ಒದ್ದೆಯಾಯ್ತಾ ಅಂತ ಕಾಲಲ್ಲಿ ತುಳಿದು ನೋಡ್ದಲೇ ನಾನು ತೂಬು ಮುಚ್ತಿರಲಿಲ್ಲ ಸ್ವಾಮಿ.’ ನೀರು ಕಮ್ಮಿಯಾದ ವರ್ಷ ಭತ್ತ ಬೇಡ, ರಾಗಿ ಸಾಕು ಅಂತ ಊರೇ ಕೂತು ತೀರ್ಮಾನಿಸುತ್ತಿತ್ತು. ಅಂಥ ವರ್ಷ ದೂರದ ಗದ್ದೆಯವರಿಗೂ ಬೆಳೆಯೋಕೆ ಅಂತ ಕೆರೆ ಪಕ್ಕ ಒಂದಿಷ್ಟು ಜಾಗ ಬಿಟ್ಟುಕೊಟ್ಟ ಊರುಗಳಿವೆ.

ಇನ್ನೊಂದು ಮಾತನ್ನೂ ಮುಚ್ಚಿಡಬೇಡಿ. ಊರಿಗೆಲ್ಲ ನೀರು ಹಂಚಿದ ಈ ಜನ ಬಹುಪಾಲು ದಲಿತರು. ಎಷ್ಟೋ ಊರಲ್ಲಿ ಸೇದುವ ಬಾವಿಯ ಹತ್ತಿರ ಅವರನ್ನು ಬಿಡುತ್ತಿರಲಿಲ್ಲ. ಮಕ್ಕಳಿಗೆ ಇದು ಅರ್ಥವಾಗುತ್ತೆ. ದೊಡ್ಡವರಿಗಿಂತ ಬೇಗ ಸಿಟ್ಟೂ ಬರುತ್ತೆ. ಬರಲಿ.

ಎಲಿನಾರ್ ಓಸ್ಟ್ರಮ್ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಮಹಿಳೆ. ಎಲ್ಲರಿಗೂ ಸೇರಿದ ಹುಲ್ಲುಗಾವಲು, ಕಾಲುವೆ ನೀರನ್ನು ಬಳಸುವ ಜನರೇ ಕಟ್ಟುಪಾಡು ಮಾಡಿಕೊಂಡು ತಲೆಮಾರುಗಟ್ಟಲೆ ಕಾಪಾಡಬಲ್ಲರು ಅಂತ ದೇಶದೇಶಗಳ ಉದಾಹರಣೆ ಕೊಟ್ಟು ತೋರಿಸಿದರು. ನಮ್ಮ ಕೆರೆ ಬಯಲಿನ ರೈತರಿಗೆ ಇದು ಹೊಸದೇನಲ್ಲ.

ನಾವು ಮಾಡಿದ್ದೇನು? ಕೆರೆಯನ್ನು ಕಡತಕ್ಕೆ ಸೇರಿಸಿದೆವು. ಅಚ್ಚುಕಟ್ಟು, ಅಂದರೆ ಕೆರೆ ನೀರು ಹಾಯುವ ಜಮೀನು, 40 ಹೆಕ್ಟೇರಿಗಿಂತ ಜಾಸ್ತಿಯಿದ್ದರೆ ಸಣ್ಣ ನೀರಾವರಿ ಇಲಾಖೆ, ಕಮ್ಮಿಯಿದ್ದರೆ ಪಂಚಾಯಿತಿ. ಹೂಳು ತೆಗೆಯೋಕೂ ಟೆಂಡರ್. ಬೆಂಗಳೂರಲ್ಲಂತೂ ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆಯಂಗಳದಲ್ಲಿ ಕಂಠೀರವ ಸ್ಟೇಡಿಯಂ ಎದ್ದಿತು. ಅದೇ ಊರಿನ ಮಕ್ಕಳ ಕೈಗೆ ಜೂನ್ 5ರ ಪರಿಸರ ದಿನದಂದು ಬಣ್ಣದ ಪೆನ್ಸಿಲ್ ಕೊಟ್ಟು ‘ನೀರು ಉಳಿಸಿ’ ಅಂತ ಬರೆಸುತ್ತೇವೆ. ನನಗೆ ನಿಜಕ್ಕೂ ನೋವಾಗುತ್ತೆ.

ಮುಂದಿನ ಸಲ ಟ್ಯಾಂಕರ್ ಬಂದಾಗ ಬಿಂದಿಗೆ ತುಂಬಿ ಕೊಡುವ ಕೆಲಸ ಮಗಳಿಗೇ ಬಿಡಿ. ಯಾರ ಮನೆಗೆ ಎಷ್ಟು ಅಂತ ಅವಳೇ ಲೆಕ್ಕ ಹಾಕಲಿ. ಅಜ್ಜಿ ಇರುವ ಮನೆಗೆ, ಹಸುಗೂಸು ಇರುವ ಮನೆಗೆ ಎಷ್ಟು ಬೇಕು ಅಂತ ಹೋಗಿ ಕೇಳಿಕೊಂಡು ಬರಲಿ. ಲೆಕ್ಕ ಹೇಗೆ ಹಾಕಿದಳು ಅಂತ ಅವಳ ಕೈಯಲ್ಲೇ ಬರೆಸಿ ಕಳಿಸಿ. ಮಕ್ಕಳ ಪುಟದಲ್ಲಿ ಅಚ್ಚು ಹಾಕುತ್ತೇವೆ.

– ಸಂಪಾದಕ