ಹಿಂದಕ್ಕೆ ಎಳೆದ ಒಂದು ಗೆರೆ ಸಾಕ್ಷಿ ಆಗುತ್ತಾ?

ಪ್ರಶ್ನೆ: ಹೊಗೆ ಸಾವಿರಾರು ಕಿ.ಮೀ. ಹೋಗುತ್ತೆ ಅನ್ನೋದು ಉತ್ಪ್ರೇಕ್ಷೆ ಅಲ್ವಾ?

ಅಲ್ಲ. 1986ರಲ್ಲಿ ಚೆರ್ನೋಬಿಲ್ ಸ್ಫೋಟವಾದ ಎರಡೇ ದಿನಕ್ಕೆ, ಸುಮಾರು 1,100 ಕಿ.ಮೀ. ದೂರದ ಸ್ವೀಡನ್ನಿನ ಅಣುಸ್ಥಾವರದಲ್ಲಿ ಕೆಲಸಗಾರನ ಬೂಟಿಗೆ ಅಂಟಿದ್ದ ವಿಕಿರಣದ ಧೂಳಿಗೆ ಅಲಾರಂ ಹೊಡೆದುಕೊಂಡಿತು.

ಪ್ರಶ್ನೆ: ಗಾಳಿ ಎಲ್ಲಿಂದ ಬಂತು, ಎತ್ತ ಹೋಗುತ್ತೆ ಎಂದು ಲೆಕ್ಕ ಹಾಕುವ ಕಂಪ್ಯೂಟರ್ ಪ್ರೋಗ್ರಾಂ ಹೈಸ್ಪ್ಲಿಟ್‌ನಲ್ಲಿ 72 ಗಂಟೆ ಹಿಂದಕ್ಕೆ ಲೆಕ್ಕ ಹಾಕಿದೆ. ಗೆರೆ 900 ಕಿ.ಮೀ. ದೂರದ ಒಂದು ಕಾರ್ಖಾನೆಯ ಮೇಲೇ ಹಾದಿದೆ. ನಮ್ಮಲ್ಲಿಯ ಹೊಗೆಗೆ ಅದೇ ಕಾರಣ ಎನ್ನಬಹುದಾ?

ಎನ್ನಬಾರದು. ಇದೇ ಪ್ರಶ್ನೆ, ಇದೇ ಕೆಂಪು ಗೆರೆಯ ಚಿತ್ರ ಎಷ್ಟು ಸಲ ಬಂದಿದೆಯೋ ಲೆಕ್ಕವಿಲ್ಲ. ಆ ಗೆರೆ ಹೊಗೆ ಬಂದ ದಾರಿ ಅಲ್ಲ. ಗಾಳಿಯ ಒಂದೇ ಒಂದು ತುಣುಕು ಬಂದಿರಬಹುದಾದ ದಾರಿ, ಅಷ್ಟೇ.

ಶುರುವಿನ ಎತ್ತರ ಎಷ್ಟು ಕೊಟ್ಟಿರಿ? ಮೊದಲೇ ಇದ್ದ ಅಂಕಿಯನ್ನು ಹಾಗೇ ಬಿಟ್ಟಿರುತ್ತೀರಿ. 100 ಮೀಟರ್ ಒಮ್ಮೆ, 500 ಒಮ್ಮೆ, 1,500 ಒಮ್ಮೆ ಹಾಕಿ ನೋಡಿ. ರಾತ್ರಿ ಹೊತ್ತು ನೆಲದ ಗಾಳಿ ಒಂದು ಕಡೆ, ಮೇಲಿನದು ಇನ್ನೊಂದು ಕಡೆ ಹೋಗುತ್ತಿರುತ್ತದೆ. ಮೂರು ಗೆರೆ ಮೂರು ದಿಕ್ಕಿಗೆ ಹೋದರೆ ಯಾವ ಕಾರ್ಖಾನೆಯನ್ನು ಬೈಯುತ್ತೀರಿ?

ಇನ್ನು, ಚಿತ್ರದ ಕೆಳಭಾಗದಲ್ಲಿ ಎತ್ತರ ತೋರಿಸುವ ಪುಟ್ಟ ಪಟ್ಟಿ ಇರುತ್ತದೆ. ಯಾರೂ ನೋಡುವುದಿಲ್ಲ. ಕಲಿಯುವಾಗ ನಾನೂ ನೋಡದೆ ವರದಿ ಬರೆದು ಮುಖಭಂಗ ಅನುಭವಿಸಿದ್ದೇನೆ. ನನ್ನ ಗೆರೆ ಚಿಮಣಿಯ ಮೇಲೆ ಹಾದದ್ದು ನಿಜ, ಆದರೆ 3,000 ಮೀಟರ್ ಮೇಲೆ. ಆ ಹೊತ್ತಿಗೆ ಚಿಮಣಿಯ ಹೊಗೆ ಅಲ್ಲಿಗೆ ಏರುವ ಸಾಧ್ಯತೆಯೇ ಇರಲಿಲ್ಲ.

ಗೆರೆಯ ಉದ್ದದ ಶೇ 20ರಷ್ಟು ತಪ್ಪು ಮಾಮೂಲು. 900 ಕಿ.ಮೀ.ಗೆ 180 ಕಿ.ಮೀ. ಅಷ್ಟರೊಳಗೆ ಎಷ್ಟು ಚಿಮಣಿ, ಎಷ್ಟು ಹೊಲದ ಬೆಂಕಿ ಇವೆ, ಎಣಿಸಿ. ದಾರಿಯಲ್ಲಿ ಮಳೆ ಬಂದು ಹೊಗೆಯನ್ನೆಲ್ಲ ತೊಳೆದುಹಾಕಿದ್ದರೂ ಗೆರೆ ಮಾತ್ರ ಹಾಗೇ ಮುಂದೆ ಹೋಗುತ್ತದೆ!

ಕನಿಷ್ಠ ಎನ್ಸೆಂಬಲ್ ಆಯ್ಕೆ ಒತ್ತಿ. ಗಾಳಿಯ ದತ್ತಾಂಶವನ್ನು ಚೂರುಚೂರು ಸರಿಸಿ 27 ಗೆರೆ ಎಳೆದುಕೊಡುತ್ತದೆ. ಎಲ್ಲ ಒಟ್ಟಿಗೆ ಬಂದರೆ ಮುಂದೆ ಮಾತಾಡೋಣ. ಬೀಸಣಿಗೆಯಂತೆ ಹರಡಿದರೆ ಸುಮ್ನೆ ಇರಿ. ಆಮೇಲೂ ಎಷ್ಟು ಹೊಗೆ ಬಿಟ್ಟರು, ಎಷ್ಟು ಉದುರಿತು ಎಂಬ ಲೆಕ್ಕ ಬೇಕು, ಅಳತೆಯ ಜೊತೆ ಹೋಲಿಕೆ ಬೇಕು. 1994ರಲ್ಲಿ ಫ್ರಾನ್ಸಿನಿಂದ ಗುರುತಿನ ಅನಿಲ ಬಿಟ್ಟು 17 ದೇಶಗಳ 168 ಕೇಂದ್ರಗಳಲ್ಲಿ ಅಳೆದರು. ಎಲ್ಲಿಂದ, ಎಷ್ಟು ಬಿಟ್ಟದ್ದೆಂದು ಗೊತ್ತಿದ್ದೂ ಕಂಪ್ಯೂಟರ್ ಮಾದರಿಗಳ ಉತ್ತರ ಒಂದೊಂದು ಥರ ಬಂತು.

ಪ್ರಶ್ನೆ: ಮುಂದಿನ ತಿಂಗಳು ಹೊಗೆ ಎತ್ತ ಹೋಗುತ್ತೆಂದು ದಿನದ ಲೆಕ್ಕದಲ್ಲಿ ಹೇಳುವ ಆ್ಯಪ್ ಕೊಳ್ಳಬಹುದಾ?

ದುಡ್ಡು ಜಾಸ್ತಿಯಾಗಿದ್ದರೆ ಕೊಳ್ಳಿ. ಅಷ್ಟು ಮುಂದಿನ ಗಾಳಿಯೇ ಯಾರಿಗೂ ಗೊತ್ತಿಲ್ಲ.