ಬುಕಿಂಗ್ ಪುಸ್ತಕ ಯಾರ ಕೈಯಲ್ಲಿ?

ಓದುಗರ ಪತ್ರ: "40–50 ವರ್ಷ ಹಳೆಯದಾದ ಈಜುಕೊಳ, ರಂಗಮಂದಿರ, ಕ್ರೀಡಾಂಗಣಗಳನ್ನು 'ಸಹಭಾಗಿತ್ವ'ದ ಹೆಸರಿನಲ್ಲಿ ಖಾಸಗಿಯವರಿಗೆ ಒಪ್ಪಿಸುವುದನ್ನು ನಿಮ್ಮ ಪತ್ರಿಕೆ ಕಳೆದ ಸಂಚಿಕೆಯಲ್ಲಿ ಸ್ವಾಗತಿಸಿದೆ. ಇದು ಸಾರ್ವಜನಿಕ ಆಸ್ತಿಯ ಮಾರಾಟವಲ್ಲದೆ ಮತ್ತೇನು? ಒಂದು ಛಾವಣಿ ರಿಪೇರಿ ಮಾಡಿಸುವ ಯೋಗ್ಯತೆಯೂ ಸರ್ಕಾರಗಳಿಗೆ ಇಲ್ಲವೇ? ನಾಳೆ ಆ ಜಾಗದ ಹೆಸರೂ ಕಂಪನಿಯದೇ ಆದರೆ ಏನನ್ನುತ್ತೀರಿ?"

ಸಂಪಾದಕರ ಉತ್ತರ:

ಮಾನ್ಯರೇ, ಮೊದಲು ಛಾವಣಿಯ ವಿಷಯ. ಯೋಗ್ಯತೆ ಇದೆ, ಮನಸ್ಸಿಲ್ಲ. ಹೊಸ ಕ್ರೀಡಾಂಗಣ ಎಂದರೆ ಉದ್ಘಾಟನೆ ಉಂಟು, ಭಾಷಣ ಉಂಟು, ಶಿಲಾಫಲಕದಲ್ಲಿ ಹೆಸರುಂಟು. ಹಳೆಯದರ ಪೈಪು ಬದಲಿಸಿದ್ದಕ್ಕೆ ಯಾರೂ ಟೇಪು ಕತ್ತರಿಸುವುದಿಲ್ಲ. ಹಣ ಬಿಗಿಯಾದ ವರ್ಷ ಬಜೆಟ್ಟಿನಲ್ಲಿ ಮೊದಲು ಕತ್ತರಿ ಬೀಳುವುದೂ ನಿರ್ವಹಣೆಯ ಬಾಬ್ತಿಗೇ. ಮುಂದೂಡಿದ ರಿಪೇರಿ ಹತ್ತು ವರ್ಷದಲ್ಲಿ ಮರುನಿರ್ಮಾಣವಾಗಿ ಬೆಳೆದು ನಿಲ್ಲುತ್ತದೆ. ಈಜುಕೊಳದ ಪಾಡು ಇನ್ನೂ ಕಷ್ಟ. ನೀರನ್ನು ಬಿಡುವಿಲ್ಲದೆ ಸೋಸಬೇಕು, ಕ್ಲೋರಿನ್ ಮಟ್ಟ ನೋಡುತ್ತಿರಬೇಕು, ಜೀವರಕ್ಷಕರನ್ನು ಇಡಬೇಕು. ಹತ್ತು ಜನ ಬಂದರೂ ನೂರು ಜನ ಬಂದರೂ ಈ ಖರ್ಚಿನಲ್ಲಿ ಹೆಚ್ಚು ವ್ಯತ್ಯಾಸವಿಲ್ಲ, ಟಿಕೆಟ್ ದುಡ್ಡಿನಲ್ಲಿ ಅದು ಹುಟ್ಟುವುದೂ ಅಪರೂಪ.

ಹಾಗಾದರೆ ಖಾಸಗಿಯವರು ಬಂದು ಕಳೆಯುವ ಸಂಕಟವೇನು? ಬಂಡವಾಳ ತರುತ್ತಾರೆ ಎಂಬ ಮಾತನ್ನು ಅರ್ಧ ಮಾತ್ರ ನಂಬಿ. ಸಾಲ ಸರ್ಕಾರಕ್ಕೇ ಅಗ್ಗವಾಗಿ ಸಿಗುತ್ತದೆ. ಕಂಪನಿ ತೆರುವ ಹೆಚ್ಚಿನ ಬಡ್ಡಿಯೂ ಅದರ ಲಾಭವೂ ಕೊನೆಗೆ ಕರಾರಿನ ಮೊತ್ತದಲ್ಲೇ ಸೇರಿಕೊಳ್ಳುತ್ತವೆ. ಬ್ರಿಟನ್ನಿನ ಲೆಕ್ಕಪರಿಶೋಧನಾ ಸಂಸ್ಥೆ 2018ರ ಜನವರಿಯ ವರದಿಯಲ್ಲಿ, ಈ ಮಾದರಿಯಲ್ಲಿ ಕಟ್ಟಿದ ಒಂದು ಗುಂಪಿನ ಶಾಲೆಗಳಿಗೆ ಸರ್ಕಾರಿ ಸಾಲದಲ್ಲಿ ಕಟ್ಟಿದ್ದಕ್ಕಿಂತ ಸುಮಾರು ಶೇ. 40ರಷ್ಟು ಹೆಚ್ಚು ವೆಚ್ಚವಾಗುತ್ತದೆಂಬ ಅಂದಾಜನ್ನು ದಾಖಲಿಸಿತ್ತು. ಅದೇ ವರ್ಷ ಅಕ್ಟೋಬರಿನಲ್ಲಿ ಅಲ್ಲಿನ ಹಣಕಾಸು ಸಚಿವರು ಇನ್ನು ಇಂಥ ಹೊಸ ಪಿಎಫ್‌ಐ (ಖಾಸಗಿ ಬಂಡವಾಳದ) ಕರಾರುಗಳಿಗೆ ಸಹಿ ಹಾಕುವುದಿಲ್ಲ ಎಂದು ಘೋಷಿಸಿದರು. ಇಷ್ಟಿದ್ದೂ ಈ ವ್ಯವಸ್ಥೆಯ ಪರವಾಗಿ ನಾವು ಬರೆದದ್ದಕ್ಕೆ ಕಾರಣ ಒಂದೇ: 25 ವರ್ಷದ ಕರಾರು ನಿರ್ವಹಣೆಯನ್ನು ಬಜೆಟ್ಟಿನ ಕತ್ತರಿಯಿಂದ ಪಾರುಮಾಡುತ್ತದೆ. ಲಿಫ್ಟ್ ಕೆಟ್ಟು ನಿಂತರೆ ಇಷ್ಟು, ಶೌಚಾಲಯ ಮುಚ್ಚಿದ್ದರೆ ಇಷ್ಟು ಎಂದು ಕಂಪನಿಗೆ ಕೊಡುವ ಹಣದಲ್ಲಿ ಮುರಿದುಕೊಳ್ಳಬಹುದು. ತನ್ನದೇ ಇಲಾಖೆಗೆ ಹಾಗೆ ದಂಡ ಹಾಕಿದ ಸರ್ಕಾರವನ್ನು ನಾವಂತೂ ಕಂಡಿಲ್ಲ.

ಆದರೆ ಮಾರಾಟವೋ ಅಲ್ಲವೋ ಎಂಬ ನಿಮ್ಮ ಪ್ರಶ್ನೆಗೆ ಉತ್ತರ ಭೂಮಿಯ ಕಾಗದಪತ್ರದಲ್ಲಿ ಸಿಗುವುದಿಲ್ಲ. ಇಂಥ ಬಹುತೇಕ ಕರಾರುಗಳಲ್ಲಿ ಭೂಮಿ ಸರ್ಕಾರದ್ದೇ ಆಗಿ ಉಳಿಯುತ್ತದೆ. ನೋಡಬೇಕಾದ್ದು ಬುಕಿಂಗ್ ಪುಸ್ತಕವನ್ನು. ವಾರದ ಯಾವ ದಿನ, ಯಾವ ಹೊತ್ತಿಗೆ, ಯಾರಿಗೆ, ಎಷ್ಟು ದರಕ್ಕೆ ಬಾಗಿಲು ತೆರೆಯಬೇಕು ಎಂದು ತೀರ್ಮಾನಿಸುವವರೇ ಆ ಜಾಗದ ಒಡೆಯರು.

ಸಿಂಗಪುರದ ಉದಾಹರಣೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಇಷ್ಟು ಕಟ್ಟುನಿಟ್ಟಾದ ಸರ್ಕಾರವೂ ಇಲ್ಲಿ ಎಡವಿತು. ಕಲ್ಲಾಂಗ್‌ನಲ್ಲಿ 1973ರಲ್ಲಿ ತೆರೆದ ರಾಷ್ಟ್ರೀಯ ಕ್ರೀಡಾಂಗಣ ಹಳತಾಗಿತ್ತು. ಅದನ್ನು ಕೆಡವಿ, 55,000 ಆಸನಗಳ ಹೊಸ ಕ್ರೀಡಾಂಗಣ, ಈಜು ಕೇಂದ್ರ, ಅಂಗಡಿ ಸಾಲು ಎಲ್ಲವೂ ಇರುವ 'ಸ್ಪೋರ್ಟ್ಸ್ ಹಬ್' ಕಟ್ಟುವ ಕೆಲಸವನ್ನು ಖಾಸಗಿ ಒಕ್ಕೂಟವೊಂದಕ್ಕೆ ವಹಿಸಿದರು. ವಿನ್ಯಾಸ, ನಿರ್ಮಾಣ, ಬಂಡವಾಳ, ನಿರ್ವಹಣೆ ಎಲ್ಲವೂ ಅವರದೇ, 25 ವರ್ಷಕ್ಕೆ. ಸರ್ಕಾರ ಪ್ರತಿ ವರ್ಷ 19 ಕೋಟಿ ಸಿಂಗಪುರ ಡಾಲರಿಗೂ ಹೆಚ್ಚು ಕೊಡಬೇಕಿತ್ತು. 2014ರಲ್ಲಿ ಬಾಗಿಲು ತೆರೆಯಿತು. ಎರಡು ವರ್ಷಗಳ ನಂತರ ರಾಷ್ಟ್ರೀಯ ದಿನದ ಪಥಸಂಚಲನ ಅಲ್ಲೇ ನಡೆಯಬೇಕೆಂದಾಯಿತು. ಕರಾರಿನ ಪ್ರಕಾರ ಅದಕ್ಕೆ ಬಾಡಿಗೆಯಿಲ್ಲದೆ ಸಿಗುವುದು 45 ದಿನ. ತಾಲೀಮು, ವೇದಿಕೆಯ ಸಿದ್ಧತೆ ಎಲ್ಲ ಸೇರಿದರೆ ಅಷ್ಟು ದಿನ ಸಾಲದು. ಹೆಚ್ಚುವರಿ ದಿನಗಳಿಗಾಗಿ ಸರ್ಕಾರ ಕೊನೆಗೆ 1 ಕೋಟಿ ಡಾಲರ್ ತೆತ್ತಿತು. ತನ್ನದೇ ನೆಲದಲ್ಲಿ, ತಾನೇ ವರ್ಷವರ್ಷವೂ ಹಣ ಕೊಡುತ್ತಿರುವ ಕ್ರೀಡಾಂಗಣದಲ್ಲಿ, ದೇಶದ ಹಬ್ಬಕ್ಕೆ!

ಇದರಲ್ಲಿ ಕಂಪನಿಯನ್ನು ಖಳನಾಯಕ ಮಾಡುವುದು ಸುಲಭ, ಆದರೆ ನ್ಯಾಯವಲ್ಲ. ಬ್ಯಾಂಕಿನ ಕಂತು ಕಟ್ಟುತ್ತಿರುವವರಿಗೆ ಬಾಡಿಗೆಯಿಲ್ಲದ ಪ್ರತಿ ದಿನವೂ ನಷ್ಟ. ದೊಡ್ಡ ಸಂಗೀತ ಕಾರ್ಯಕ್ರಮಕ್ಕೆ ಸಿಗುವ ದುಡ್ಡು ಶಾಲಾ ಮಕ್ಕಳ ಓಟದ ಸ್ಪರ್ಧೆಯಲ್ಲಿ ಸಿಗುವುದಿಲ್ಲ. ಅವರು ಕರಾರಿನಲ್ಲಿದ್ದುದನ್ನೇ ಕೇಳಿದರು. ಎಷ್ಟು ದಿನ ಬೇಕಾದೀತು ಎಂದು ಸಹಿ ಹಾಕುವ ಮೊದಲು ಲೆಕ್ಕ ಹಾಕಬೇಕಿದ್ದವರು ಮೇಜಿನ ಈಚೆ, ಸರ್ಕಾರದ ಬದಿಯಲ್ಲಿದ್ದರು. ಕಡೆಗೆ 2022ರ ಡಿಸೆಂಬರಿನಲ್ಲಿ, ಅವಧಿ ಇನ್ನೂ ಅರ್ಧದಷ್ಟು ಬಾಕಿ ಇರುವಾಗಲೇ, ಸರ್ಕಾರ ಕರಾರು ಕೊನೆಗೊಳಿಸಿ ಕ್ರೀಡಾಂಗಣವನ್ನು ವಾಪಸ್ ಪಡೆಯಿತು. ಅದಕ್ಕೆ ಅಂದಾಜಾಗಿದ್ದ ಮೊತ್ತ ಸುಮಾರು 150 ಕೋಟಿ ಡಾಲರ್. ಜನಸಾಮಾನ್ಯರ ಬಳಕೆಗೆ ಹೆಚ್ಚು ಅವಕಾಶ ಮಾಡಿಕೊಡಬೇಕೆಂಬುದು ಸರ್ಕಾರ ಕೊಟ್ಟ ಮುಖ್ಯ ಕಾರಣಗಳಲ್ಲೊಂದು.

ಇದಕ್ಕೆ ತಿರುಗುಮುರುಗಾದದ್ದು ನ್ಯೂಯಾರ್ಕಿನ ಬ್ರಯಂಟ್ ಪಾರ್ಕ್. 1970ರ ದಶಕದಲ್ಲಿ ಮಾದಕವಸ್ತು ಮಾರುವವರ ಅಡ್ಡೆಯಾಗಿದ್ದ ಉದ್ಯಾನ ಅದು. 1980ರಲ್ಲಿ ಹುಟ್ಟಿದ ಲಾಭರಹಿತ ಖಾಸಗಿ ಸಂಸ್ಥೆಯೊಂದು ಅದರ ಹೊಣೆ ಹೊತ್ತು, ಹೊಸ ರೂಪ ಕೊಟ್ಟು, 1992ರಲ್ಲಿ ಮತ್ತೆ ತೆರೆಯಿತು. ಎತ್ತಿ ಬೇಕಾದಲ್ಲಿ ಹಾಕಿಕೊಳ್ಳಬಹುದಾದ ಕುರ್ಚಿಗಳು, ಶುಚಿಯಾದ ಶೌಚಾಲಯ, ಪುಕ್ಕಟೆ ಪ್ರವೇಶ. ಹಣ ಬಂದದ್ದು ಸುತ್ತಲಿನ ಕಟ್ಟಡ ಮಾಲೀಕರ ವಂತಿಗೆ, ರೆಸ್ಟೋರೆಂಟ್ ಬಾಡಿಗೆ, ಪ್ರಾಯೋಜಕರಿಂದ. ಅಲ್ಲೂ ಬುಕಿಂಗ್ ಪುಸ್ತಕದ ಜಗಳ ತಪ್ಪಲಿಲ್ಲ. 1993ರಿಂದ ಅಲ್ಲಿ ನಡೆಯುತ್ತಿದ್ದ ಫ್ಯಾಷನ್ ವೀಕ್ ವರ್ಷಕ್ಕೆರಡು ಬಾರಿ ಹುಲ್ಲುಹಾಸನ್ನು ಡೇರೆಗಳಡಿ ಮುಚ್ಚಿಹಾಕುತ್ತಿತ್ತು. ಒಳ್ಳೆಯ ಆದಾಯವೇ, ಆದರೂ 2010ರಲ್ಲಿ ಅದು ಲಿಂಕನ್ ಸೆಂಟರಿಗೆ ಹೊರಟಿತು, ಹುಲ್ಲು ಜನರಿಗೆ ಸಿಕ್ಕಿತು. ಸಾಲ ಕೊಟ್ಟ ಬ್ಯಾಂಕು ಬೆನ್ನ ಹಿಂದೆ ನಿಂತಿರದ ಸಂಸ್ಥೆಗೆ ಇಂಥ ಆದಾಯ ಬಿಟ್ಟುಕೊಡುವುದು ಅಷ್ಟು ಕಷ್ಟವಲ್ಲ. ಸಹಭಾಗಿ ಯಾರು ಎನ್ನುವುದು ಇದಕ್ಕೇ ಮುಖ್ಯ. 'ಖಾಸಗಿ' ಎಂದರೆಲ್ಲ ಒಂದೇ ಅಲ್ಲ.

ವೆಚ್ಚ ಕೈಮೀರುವ ಬಗ್ಗೆ ನೀವು ಕೇಳಿಲ್ಲ, ನಾವೇ ಹೇಳಿಬಿಡುತ್ತೇವೆ. ಹ್ಯಾಂಬರ್ಗಿನಲ್ಲಿ ಬಂದರಿನ ಹಳೆಯ ಗೋದಾಮಿನ ಮೇಲೆ ಎಲ್ಬ್‌ಫಿಲಾರ್ಮೊನಿ ಸಂಗೀತ ಸಭಾಂಗಣ ಕಟ್ಟಲು ಹೊರಟಾಗ ನಗರದ ಪಾಲು 7.7 ಕೋಟಿ ಯೂರೋ ಎಂದಿದ್ದರು. ಹೋಟೆಲು, ಮನೆಗಳ ಆದಾಯ ಉಳಿದದ್ದನ್ನು ತುಂಬುತ್ತದೆ ಎಂಬ ಲೆಕ್ಕ. 2010ಕ್ಕೆ ಮುಗಿಯಬೇಕಿದ್ದದ್ದು 2017ರ ಜನವರಿಯಲ್ಲಿ ತೆರೆಯಿತು, ತೆರಿಗೆದಾರರ ತಲೆಯ ಮೇಲೆ ಬಿದ್ದದ್ದು 78.9 ಕೋಟಿ. ನಕ್ಷೆ ಪೂರ್ತಿಯಾಗುವ ಮೊದಲೇ ಟೆಂಡರ್ ಕರೆದದ್ದು ದೊಡ್ಡ ತಪ್ಪು ಎಂದು ನಗರದ ಶಾಸನಸಭೆಯ ತನಿಖಾ ಸಮಿತಿ ಹೇಳಿತು. ಸಭಾಂಗಣವೇನೋ ಸೊಗಸಾಗಿದೆ, ಸಂಗೀತಪ್ರಿಯರು ಮುಗಿಬೀಳುತ್ತಾರೆ. ಆ ಹಣವನ್ನು ಮೊದಲೇ ಹೇಳಿದ್ದರೆ ಅನುಮತಿ ಸಿಗುತ್ತಿತ್ತೇ ಎಂಬುದು ಬೇರೆ ಮಾತು.

ಇನ್ನು ಹೆಸರು. ಟೋಕಿಯೋದ ಶಿಬುಯಾದಲ್ಲಿ ಮಿಯಾಶಿತಾ ಪಾರ್ಕ್ ಎಂಬ ಪುಟ್ಟ ಉದ್ಯಾನವಿದೆ. 2009ರಲ್ಲಿ ನೈಕಿ ಕಂಪನಿ ಅದರ ಹೆಸರಿನ ಹಕ್ಕನ್ನು ಪಡೆದಾಗ ದೊಡ್ಡ ಪ್ರತಿಭಟನೆಯಾಗಿ, ಕಂಪನಿ ಹೊಸ ಹೆಸರನ್ನೇ ಕೈಬಿಟ್ಟಿತು. ಅಲ್ಲಿಗೆ ಜನ ಗೆದ್ದರು ಎನಿಸಬಹುದು. 2020ರಲ್ಲಿ ಮಿಟ್ಸುಯಿ ಫುಡೊಸಾನ್ ಎಂಬ ರಿಯಲ್ ಎಸ್ಟೇಟ್ ಕಂಪನಿಯ ಜೊತೆಗಿನ ಸಹಭಾಗಿತ್ವದಲ್ಲಿ ಅದು ಮತ್ತೆ ತೆರೆದಾಗ ಕೆಳಗೆ ಅಂತಸ್ತುಗಟ್ಟಲೆ ಅಂಗಡಿಗಳು, ಪಕ್ಕದಲ್ಲಿ ಹೋಟೆಲು, ಉದ್ಯಾನ ಅವುಗಳ ತಾರಸಿಯ ಮೇಲೆ. ಅಲ್ಲಿ ಆಸರೆ ಪಡೆದಿದ್ದ ಮನೆಯಿಲ್ಲದವರನ್ನು ಮೊದಲೇ ತೆರವು ಮಾಡಲಾಗಿತ್ತು. ಹೆಸರು ಮಾತ್ರ ಹಳೆಯದೇ. ಆದ್ದರಿಂದ ಫಲಕದ ಮೇಲಿನ ಹೆಸರಿಗೆ ಸಿಟ್ಟನ್ನೆಲ್ಲ ಖರ್ಚು ಮಾಡಬೇಡಿ. ಹೆಸರಿನ ಹಕ್ಕಿನಿಂದ ಬರುವ ದುಡ್ಡು ನಿಜವಾಗಿಯೂ ಪ್ರವೇಶದರ ಇಳಿಸುವುದಕ್ಕೆ ಹೋಗುವುದಾದರೆ ನಮ್ಮ ತಕರಾರಿಲ್ಲ.

ಟೆಂಡರಿನ ಕರಡು ಕೈಗೆ ಸಿಕ್ಕಾಗ ಮೊದಲ ಪುಟಗಳ ಬಣ್ಣದ ಚಿತ್ರಗಳನ್ನು ದಾಟಿ ಅನುಬಂಧಕ್ಕೆ ಹೋಗಿ. ಸಂಜೆ ಮತ್ತು ವಾರಾಂತ್ಯದ ಎಷ್ಟು ಗಂಟೆ ಶಾಲೆಗಳಿಗೆ, ಹವ್ಯಾಸಿ ನಾಟಕ ತಂಡಗಳಿಗೆ ಮೀಸಲು? ಸಂಜೆ ಎಂದು ಒತ್ತಿ ಹೇಳುತ್ತಿದ್ದೇವೆ, ಮಂಗಳವಾರ ಬೆಳಗಿನ ಹನ್ನೊಂದು ಗಂಟೆಯನ್ನು ಯಾರು ಬೇಕಾದರೂ ಉದಾರವಾಗಿ ಕೊಟ್ಟಾರು. ದರ ಏರಿಸುವ ಸೂತ್ರವೇನು, ಅದಕ್ಕೆ ಯಾರ ಒಪ್ಪಿಗೆ ಬೇಕು? ನಿರೀಕ್ಷಿಸಿದಷ್ಟು ಜನ ಬಾರದಿದ್ದರೆ ನಷ್ಟ ಯಾರದು? ಅವಧಿ ಮುಗಿದಾಗ ಕಟ್ಟಡ ಯಾವ ಸ್ಥಿತಿಯಲ್ಲಿ ವಾಪಸ್ ಬರಬೇಕು? ನಡುವೆಯೇ ಕೈಬಿಡಬೇಕಾಗಿ ಬಂದರೆ ಎಷ್ಟು ತೆರಬೇಕು? ಇವುಗಳನ್ನೆಲ್ಲ ಆಕ್ಷೇಪಣೆ ಸಲ್ಲಿಸುವ ಅವಧಿಯಲ್ಲೇ ಲಿಖಿತವಾಗಿ ಕೇಳಿ. ಸಹಿ ಬಿದ್ದ ಮೇಲೆ ಕೇಳಿದರೆ 'ವಾಣಿಜ್ಯ ಗೋಪ್ಯತೆ' ಎಂಬ ಉತ್ತರ ಬರುತ್ತದೆ, ಮಾಡಿಸುವ ಪ್ರತಿ ತಿದ್ದುಪಡಿಗೂ ಬಿಲ್ಲು ಬರುತ್ತದೆ.